ಅರ್ಧ ಆಳು

ಶಿವರಾತ್ರಿಗೆ ಇನ್ನೂ ಎಂಟು ದಿನ ಇತ್ತು. ಹೂವಿನ ಹಿಪ್ಪರಗಿಯ ಎರೆಹೊಲಗಳಲ್ಲಿ ಬಿಳಿಜೋಳ ಒಣಗಿ ಗರಗರ ಸದ್ದು ಮಾಡತೊಡಗಿತ್ತು. ಬಿಸಿಲೇರಿದರೆ ಎಲೆ ಕೈ ಕೊಯ್ಯುತ್ತದೆಂದು ಹೆಂಗಸರು ಮಂಜಿನಲ್ಲೇ ಹೊಲಕ್ಕಿಳಿದಿದ್ದರು. ಆ ದಿನ ಚನ್ನವ್ವನ ಹೊಲದ ಸರದಿ. ಯಾರಿಗೂ ಕೂಲಿಯಿಲ್ಲ, ಇಂದು ಇವರು ಅವಳ ಹೊಲದಲ್ಲಿ ಜೋಳ ಕಿತ್ತರೆ, ನಾಳೆ ಅವಳ ಮನೆಯವರು ಇವರ ಹೊಲಕ್ಕೆ ಹೋಗಿ ಅಷ್ಟೇ ದಿನ ಕೀಳಬೇಕು. ಮುಯ್ಯಿ ಎಂದರೆ ಅದು. ಎಲ್ಲೂ ಬರೆದಿಡುವುದಿಲ್ಲ, ಯಾರೂ ಮರೆಯುವುದಿಲ್ಲ.

ಮಧ್ಯಾಹ್ನ ಬನ್ನಿಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಚನ್ನವ್ವನ ಸೊಸೆ ದಾನೇಶ್ವರಿ ಚೀಲದಿಂದ ಪುಸ್ತಕ ತೆಗೆದಳು. ಪಂಚಾಯ್ತಿ ಗ್ರಂಥಾಲಯಕ್ಕೆ ಹೊಸದಾಗಿ ಬಂದದ್ದು. ಬರೆದವಳು ಇದೇ ಊರಿನ ಮಾಲಾ, ಕುರಿ ಕಾಯುವ ಮನೆಯ ರೇವವ್ವನ ಮಗಳು; ಈಗ ಮುದ್ದೇಬಿಹಾಳದ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮೂರು ದಿನದಿಂದ ಊಟದ ಹೊತ್ತಿಗೆ ಅದರ ಓದು ನಡೆದಿತ್ತು. ಕುರಿಯ ಹಿಂದೆ ಹೋದ ಅಪ್ಪ ಹಾವು ಕಚ್ಚಿ ಸತ್ತದ್ದು, ಇದ್ದೊಂದು ಲಂಗವನ್ನೇ ಒಗೆದು ಒಗೆದು ಉಟ್ಟದ್ದು ಕೇಳಿ ಹೆಂಗಸರು ಲೊಚಗುಟ್ಟಿದ್ದರು.

"ಅವ್ವ ಜ್ವರದಿಂದ ಮಲಗಿದ್ದಳು," ದಾನೇಶ್ವರಿ ಓದಿದಳು. "ಒಂದು ಮನೆಗೆ ನಾವು ಮೂರು ದಿನದ ಮುಯ್ಯಿ ತೀರಿಸಬೇಕಿತ್ತು. ಹತ್ತು ವರ್ಷದ ನಾನು ಹೋದೆ. ನನ್ನ ಸಾಲು ದೊಡ್ಡವರ ಸಾಲಿನ ಜೊತೆಗೇ ಮುಗಿಯುತ್ತಿತ್ತು. ಮೂರನೆಯ ಸಂಜೆ ಆ ಮನೆಯವಳು, ನೀನು ಅರ್ಧ ಆಳು, ಇನ್ನೂ ಮೂರು ದಿನ ಬಾ ಎಂದಳು. ಹೋದೆ. ಆ ಮೂರು ದಿನ ಪರೀಕ್ಷೆ ಇತ್ತು. ಮರುವರ್ಷ ಮತ್ತೆ ಅದೇ ನಾಲ್ಕನೇ ಇಯತ್ತೆಯಲ್ಲಿ ಕುಳಿತೆ. ಅವ್ವನಿಗೆ ಹೇಳಲಿಲ್ಲ."

"ಯಾವಾಕಿ ಆಕಿ ಮೂಳಿ?" ಶೆಟ್ಟೆವ್ವ ರೊಟ್ಟಿ ಮುರಿಯುತ್ತಲೇ ಗುಡುಗಿದಳು. "ಕೂಸಿನ ಕೈಲೆ ಆರು ದಿನ ಜ್ವಾಳಾ ಕೀಳಿಸ್ಯಾಳಲ್ಲ, ಆಕಿ ಕೈಗೆ ಹುಳಾ ಬೀಳ್ಲಿ! ಹೆಸರ ಬರದಾಳೇನ ನೋಡ."

"ಇಲ್ರಿ ಚಿಗವ್ವ, ಬರದಿಲ್ಲ."

"ಬರೀಬೇಕಿತ್ತು."

"ಆಗ ಎಲ್ಲಾರೂ ಹಂಗ ಎಣಸ್ತಿದ್ರವ್ವಾ," ಎಂದಳು ರಾಜಬಿ. "ನಮ್ಮವ್ವನೂ ಸಣ್ಣವ್ರನ್ನ ಅರ್ಧಾನ ಹಿಡೀತಿದ್ಲು."

"ಎಲ್ಲಾರೂ ಎಣಸಿದ್ರ ಖರೆ ಆಗ್ತೈತೇನ? ಸಾಲು ಪೂರಾ ಮುಗಿಸಿದ ಮ್ಯಾಗ ಅರ್ಧ ಹ್ಯಾಂಗ?" ಶೆಟ್ಟೆವ್ವ ಕೇಳಿದಳು.

"ಸಿಟ್ಟಿಲೆ ಬರದಿಲ್ಲ ನೋಡ್ರಿ," ಎಂದಳು ದಾನೇಶ್ವರಿ. "ಲೆಕ್ಕ ತಪ್ಪೇತಿ ಅಂತ ಅಷ್ಟ ಹೇಳ್ಯಾಳ. ಅತ್ತಿ, ನೀವ್ಯಾಕ ಉಣ್ಣವಲ್ರಿ?"

ಚನ್ನವ್ವನ ಕೈಯಲ್ಲಿ ತುತ್ತು ಹಾಗೇ ಇತ್ತು. ಆ ಸಂಜೆ ಅವಳಿಗೆ ಚೆನ್ನಾಗಿ ನೆನಪಿತ್ತು. ಹುಡುಗಿ ಅಂಗೈ ತೋರಿಸಿರಲಿಲ್ಲ, ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತಿದ್ದಳು. ಸಾಲು ಪೂರಾ ಮುಗಿದದ್ದನ್ನು ಚನ್ನವ್ವ ನೋಡಿಯೇ ಇದ್ದಳು.

ಹೆಸರು ಬರೆದಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ರೇವವ್ವನ ಹೊಲಕ್ಕೆ ಹೋದರೆ ಮಾತ್ರ ಊರಿಗೇ ತಿಳಿಯುತ್ತದೆ. ಆ ಎರಡು ಮನೆಗಳ ನಡುವೆ ಮುಯ್ಯಿ ನಿಂತು ಮೂವತ್ತು ವರ್ಷವಾಗಿತ್ತು.

ಮರುದಿನ ಮಂಜಿನಲ್ಲಿ ಅವಳು ತಲೆಗೆ ಸೆರಗು ಬಿಗಿದು ರೇವವ್ವನ ಹೊಲದ ಬದುವಿನ ಮೇಲೆ ನಿಂತಳು. ರೇವವ್ವ ಒಬ್ಬಳೇ ಕೀಳುತ್ತಿದ್ದಳು.

"ಏನ್ರಿ ಯಕ್ಕಾ, ದಾರಿ ತಪ್ಪಿ ಬಂದ್ರೇನು?"

"ಮೂರು ದಿನದ ಮುಯ್ಯಿ ತೀರಸಾಕ ಬಂದೇನಿ."

"ಯಾವ ಮುಯ್ಯಿ? ನಿಮ್ದು ನಮ್ದು ಏನೂ ಇಲ್ಲಲ್ಲ."

ಚನ್ನವ್ವ ನಿಂತಲ್ಲೇ ಎಲ್ಲ ಹೇಳಿದಳು: ಆರು ದಿನ, ಪರೀಕ್ಷೆ, ಎಲ್ಲ. "ಸಾಲು ಪೂರಾ ಮುಗಿಸಿದ್ಲು, ನಾ ನೋಡೀನಿ" ಎಂಬುದನ್ನೂ ಬಿಡಲಿಲ್ಲ. ರೇವವ್ವನಿಗೆ ಓದು ಬಾರದು. ಮಗಳು ತಂದುಕೊಟ್ಟ ಪುಸ್ತಕವನ್ನು ದೇವರ ಜಗಲಿಯ ಮೇಲಿಟ್ಟಿದ್ದಳು.

"ನಪಾಸಾದ್ಲು ಅಂತ ಆ ವರ್ಷ ನಾ ಆಕಿನ್ನ ಬಡದೀನಿ," ಎಂದಳು ಕೊನೆಗೆ.

ಚನ್ನವ್ವ ಬದುವಿನಿಂದ ಹೊಲಕ್ಕಿಳಿದಳು.

"ಯಾವ ಸಾಲು ಹಿಡೀಲಿ?" ಚನ್ನವ್ವ ಕೇಳಿದಳು.

ರೇವವ್ವ ಅವಳ ಬಾಗಿದ ಬೆನ್ನು, ಊದಿದ ಮೊಣಕಾಲು ನೋಡಿದಳು. "ನಿಮಗ ಅರವತ್ತೈದು ಆಗಿರಬೇಕು. ನೀವೂ ಈಗ ಅರ್ಧ ಆಳ. ಆರು ದಿನ ಬರಬೇಕಾಗ್ತೈತಿ."

"ಬರ್ತೇನಿ."

ಚನ್ನವ್ವ ಅಂಚಿನ ಸಾಲು ಹಿಡಿದು, ನೆಲ ಬಿಡದ ದಂಟುಗಳನ್ನು ಎರಡೂ ಕೈಯಿಂದ ಎಳೆದಳು. ಬಿಸಿಲೇರುವಷ್ಟರಲ್ಲಿ ರೇವವ್ವನ ಸಾಲು ಮುಗಿದಿತ್ತು, ಚನ್ನವ್ವ ನಡುಹೊಲದಲ್ಲಿದ್ದಳು. ಮುಗಿಸಿದವರು ಹಿಂದುಳಿದವರಿಗಾಗಿ ಎದುರಿನಿಂದ ಕೀಳುತ್ತ ಬರುವುದು ರೂಢಿ. ರೇವವ್ವ ಬರಲಿಲ್ಲ, ಬದುವಿನ ಮೇಲೆ ಕುಳಿತು ನೋಡುತ್ತಿದ್ದಳು. ದಾರಿಯಲ್ಲಿ ಹೊರಟಿದ್ದ ಶೆಟ್ಟೆವ್ವ ನಿಂತಳು. ಏನೋ ಕೇಳಲು ಬಾಯಿ ತೆರೆದವಳು ಇಬ್ಬರ ಮುಖ ನೋಡಿ, ತಿಳಿದವಳಂತೆ ಮುಚ್ಚಿಕೊಂಡು ನಡೆದಳು.

ಸಂಜೆ ಚನ್ನವ್ವ ಬೊಬ್ಬೆ ಎದ್ದ ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಒಂದು ದಿನ ಆತು," ಎಂದಳು.

"ಅರ್ಧ," ಎಂದಳು ರೇವವ್ವ, ನೀರಿನ ತಂಬಿಗೆಯನ್ನು ಅವಳತ್ತ ಚಾಚುತ್ತ.