ನಾಲ್ಕು ಬೆರಳಿನಷ್ಟು ಮರ

ಹಳೆಯ ಎಣ್ಣೆ ಗಿರಣಿಯ ಷೆಡ್ಡಿನಲ್ಲಿ, ಅಡ್ಡ ಸರಳೊಂದರ ಮೇಲೆ ಮರದ ಪ್ರೊಪೆಲ್ಲರ್ ತೂಗುತ್ತಿತ್ತು. ಅದರ ಎರಡು ತುದಿಗಳಲ್ಲಿ ಯಾವುದೂ ಮೇಲೇಳುತ್ತಿರಲಿಲ್ಲ, ಯಾವುದೂ ಕೆಳಗಿಳಿಯುತ್ತಿರಲಿಲ್ಲ. ನನ್ನ ಅಣ್ಣ ವಸುಪಾಲ ಒಂದು ಮಳೆಗಾಲವಿಡೀ ಅದನ್ನು ಕೆತ್ತಿದ್ದ. ಬೆರಳಿನಿಂದ ಮೆಲ್ಲಗೆ ತಿರುಗಿಸಿ, ಬಿಟ್ಟಲ್ಲೇ ಅದು ನಿಲ್ಲುವುದನ್ನು ನೋಡುತ್ತ ಮೈಮರೆಯುತ್ತಿದ್ದ.

ಅವನೂ ನನ್ನ ಗಂಡ ಧರಣೇಂದ್ರರೂ ಸೇರಿ ಆ ಷೆಡ್ಡಿನಲ್ಲಿ ಒಬ್ಬರೇ ಕೂರುವ ಪುಟ್ಟ ವಿಮಾನವೊಂದನ್ನು ಕಟ್ಟುತ್ತಿದ್ದರು. ಇಬ್ಬರೂ ಸಣ್ಣಂದಿನ ಗೆಳೆಯರು. ನನ್ನ ಮದುವೆಯೂ ಆ ಗೆಳೆತನದಿಂದಲೇ ಕೂಡಿಬಂದದ್ದು. ಅಣ್ಣನ ಕೈ ಮರಗೆಲಸದಲ್ಲಿ ಪಳಗಿತ್ತು, ಇವರು ವಿಮಾನ ಹಾರಿಸಲು ಕಲಿತಿದ್ದರು. ಚೌಕಟ್ಟು ಕಟ್ಟಿದರು, ರೆಕ್ಕೆಗೆ ಬಟ್ಟೆ ಬಿಗಿದರು. ಎಲ್ಲೂ ಮನಸ್ತಾಪ ಬರಲಿಲ್ಲ. ಬಂದದ್ದು ಎಂಜಿನ್ನಿನ ಮಾತಿಗೆ.

ಅಣ್ಣ ಕಾರಿನದೊಂದು ಎಂಜಿನ್ ಕೂರಿಸೋಣವೆಂದ. ಪ್ರೊಪೆಲ್ಲರನ್ನು ಅವನು ಕೆತ್ತಿದ್ದು ಅದರ ಬಲಕ್ಕೆ ತಕ್ಕಂತೆಯೇ. "ಭಾರ ಆದ್ರ ಆಗ್ಲಿ, ನಡುವ ಬಂದ್ ಬೀಳಬಾರದು" ಎಂಬುದು ಅವನ ಹಟ. ಮೂಗಿನ ಮೇಲೆ ಅಷ್ಟು ಭಾರ ಹೇರಿದರೆ ವಿಮಾನ ನೆಲ ಬಿಡುವುದೇ ಇಲ್ಲವೆಂದು ಇವರು ವಾದಿಸಿದರು. ಇವರಿಗೆ ಬೇಕಿದ್ದದ್ದು ಹಗುರವಾದ, ಬಿರುಸಾಗಿ ತಿರುಗುವ ಸಣ್ಣ ಎಂಜಿನ್. ಮಾತಿಗೆ ಮಾತು ಬೆಳೆಯಿತು. ಅಣ್ಣ ನಮ್ಮ ಮನೆಗೆ ಬರುವುದನ್ನೇ ಬಿಟ್ಟ. ಷೆಡ್ಡಿಗೆ ಬೀಗ ಬಿತ್ತು.

ಒಂದು ದಿನ ಅಣ್ಣ ತಾನಾಗಿಯೇ ಬಂದು, ನಿನ್ನ ಎಂಜಿನ್ನೇ ಇರಲಿ ಎಂದ. ಇವರು ಎದ್ದು ಅವನ ಭುಜ ಹಿಡಿದು, "ಹಂಗಾದ್ರ ಪ್ರೊಪೆಲ್ಲರ್ ನಿಂದ" ಎಂದರು. ಒಬ್ಬರ ಮಾತು ಇನ್ನೊಬ್ಬರು ಉಳಿಸಿಕೊಟ್ಟಂತಾಯಿತು. ಇಬ್ಬರ ನಗು ಮನೆಯಲ್ಲಿ ಮತ್ತೆ ಕೇಳಿ ನನಗೆ ಜೀವ ಬಂದಂತಾಗಿತ್ತು.

ಎಂಜಿನ್ ಕೂರಿಸಿ, ಬಾಲವನ್ನು ಕಂಬಕ್ಕೆ ಕಟ್ಟಿ ಚಾಲೂ ಮಾಡಿದ ದಿನ ನಾನೂ ಅಲ್ಲಿದ್ದೆ. ಧೂಳೆದ್ದಿತು, ಷೆಡ್ಡಿನ ತಗಡು ಅದುರಿತು. ಇಬ್ಬರೂ ಬಾಗಿ ವೇಗದ ಮುಳ್ಳನ್ನು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ಚೆನ್ನಾಗಿದೆ ಎಂದರು.

ಮನೆಗೆ ಬರುವಾಗ ಇವರು ಎರಡು ಸಲ ಷೆಡ್ಡಿನ ಕಡೆ ತಿರುಗಿ ನೋಡಿದರು. ಏನೆಂದು ಕೇಳಿದೆ. ಎಂಜಿನ್ನಿಗೆ ಆ ಪ್ರೊಪೆಲ್ಲರ್ ಹೊರೆಯಾಗಿದೆ, ಮುಳ್ಳು ಪೂರ್ತಿ ಏರಲಿಲ್ಲ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಬೆರಳಿನಷ್ಟು ಮರ ಕತ್ತರಿಸಿದರೆ ಸರಿಹೋಗುತ್ತದೆ ಎಂದರು. ಹಾಗಾದರೆ ಅಣ್ಣನಿಗೆ ಹೇಳಿ ಎಂದೆ.

"ಈಗರ ರಾಜಿ ಆಗೇವಿ. ಅವನು ಕೆತ್ತಿದ್ದಕ್ಕ ಗರಗಸ ಹಚ್ಚು ಅಂತ ಹೆಂಗ ಹೇಳ್ಲಿ?" ಎಂದರು. "ಹಾರತದ, ಬಿಡು."

ಇವರನ್ನು ಹೊತ್ತು ವಿಮಾನ ಹಾರಿತು. ಬತ್ತಿದ ಕೆರೆಯಂಗಳದಿಂದ ಬೆಳಗಿನ ಹೊತ್ತು ಅದು ಎದ್ದಾಗ ಅಣ್ಣ ಮಗುವಿನಂತೆ ಓಡಿದ. ಏರಿಯ ಆಚೆಗೆ ಇನ್ನೂ ಮೇಲೇರುತ್ತಿದ್ದಾಗ ಸದ್ದು ಭಾರವಾಯಿತು, ಮುಗ್ಗರಿಸಿತು, ಇಲ್ಲವಾಯಿತು. ಆ ಮೌನದಲ್ಲಿ ವಿಮಾನ ಒಂದು ಪಕ್ಕಕ್ಕೆ ವಾಲುವುದನ್ನು ನಾವು ನಿಂತು ನೋಡಿದೆವು.

ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ರೆಕ್ಕೆ ಚೂರಾಗಿತ್ತು, ಚೌಕಟ್ಟು ಮಡಿಚಿಹೋಗಿತ್ತು. ಪ್ರೊಪೆಲ್ಲರ್ ಮಾತ್ರ ಮುರಿದಿರಲಿಲ್ಲ. ಕಾದು ಬಿಗಿದುಕೊಂಡ ಎಂಜಿನ್ನಿನ ಜೊತೆ ಅದು ಗಾಳಿಯಲ್ಲೇ ನಿಂತುಬಿಟ್ಟಿತ್ತು. ಷೆಡ್ಡಿನಲ್ಲಿ ತೂಗುತ್ತಿದ್ದಂತೆಯೇ, ಎರಡೂ ತುದಿ ಸಮವಾಗಿ.

ಕರ್ಮಾಂತರವೆಲ್ಲ ಮುಗಿದ ಮೇಲೆ ಅಣ್ಣ ಬಹುಕಾಲ ಬರಲಿಲ್ಲ. ಬಂದ ದಿನ ಹೊಸ್ತಿಲಾಚೆಯೇ ನಿಂತ. ಗಡ್ಡ ಬೆಳೆದಿತ್ತು, ದನಿ ಒಡೆದಿತ್ತು.

"ಮುಳ್ಳು ಏರಲಿಲ್ಲ ತಂಗಿ. ನಾ ನೋಡಿದ್ದೆ. ಹೇಳಿದ್ರ, ಇನ್ನೂ ಎಂಜಿನ್ನಿನ ಹಟ ಬಿಟ್ಟಿಲ್ಲ ಅಂತ ತಿಳೀತಾನ ಅಂತ ಬಾಯಿ ಮುಚ್ಚಿದೆ." ಆಮೇಲೆ ಕೇಳಿದ: "ಅವಗ ಗೊತ್ತಿತ್ತೇನು?"

ಇಲ್ಲವೆಂದರೆ ಆ ಸಾವನ್ನು ಅಣ್ಣ ಒಬ್ಬನೇ ಹೊರಬೇಕಿತ್ತು. ಹೌದೆಂದರೆ, ಒಂದೇ ಒಂದು ಮಾತಿನಿಂದ ಅದು ತಪ್ಪುತ್ತಿತ್ತೆಂಬುದನ್ನು ನಾವಿಬ್ಬರೂ ಹೊರಬೇಕಿತ್ತು.

"ಗೊತ್ತಿತ್ತಣ್ಣಾ" ಎಂದೆ. "ನಿನಗ ನೋವಾಗತದ ಅಂತ ಅವರೂ ಹೇಳ್ಲಿಲ್ಲ."

ಅವನು ಅಳಲಿಲ್ಲ. ಒಳಗೆ ಬಂದು ಗೋಡೆಗೊರಗಿ ಕುಳಿತ. ನಾನು ಎದುರಿಗೆ ಕುಳಿತೆ. ಕಿಟಕಿಯ ಬೆಳಕು ನೆಲದ ಮೇಲಿಂದ ಸರಿಯುತ್ತ ಗೋಡೆ ಹತ್ತಿ ಆರಿತು. ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಕತ್ತಲಾದರೂ ದೀಪ ಹಚ್ಚಲು ಇಬ್ಬರಲ್ಲಿ ಯಾರೂ ಏಳಲಿಲ್ಲ.