ವಾರಕ್ಕೆ ಐದು ಗುಂಡು

ಸತ್ತ ಗಂಡನ ಪ್ಯಾಂಟಿನ ಜೇಬಿಗೆ ಕೈಹಾಕಿ ತಡಕಾಡಿದ ವರ್ಡಿ ಇನ್ನೊಂದು ಗುಂಡು ಹೊರತೆಗೆದಳು.

"ಎಂಟು," ಎಂದಳು.

ಪಕ್ಕದಲ್ಲಿ ನಿಂತಿದ್ದ ಎಲ್ಡನ್ ಹಣೆ ಒರೆಸಿಕೊಂಡ. ಶವಸಂಸ್ಕಾರದ ಮನೆ ಅವನದು. ಸುತ್ತಲಿನ ಕಣಿವೆಗಳ ಹೆಣಗಳಿಗೆಲ್ಲ ಸ್ನಾನ ಮಾಡಿಸಿ, ಒಳ್ಳೆಯ ಬಟ್ಟೆ ತೊಡಿಸಿ ಕಳಿಸುತ್ತಿದ್ದವರು ಅವನಪ್ಪ ಮತ್ತು ಅವನು. ಅರ್ಧ ಗಂಟೆಯ ಹಿಂದೆ ಪೆಟ್ಟಿಗೆಯ ಮುಚ್ಚಳ ಹಾಕಲು ಬಗ್ಗಿದಾಗ ಆರ್ಬಿನ್‌ನ ಕೋಟಿನ ತೋಳಿನಿಂದ ಏನೋ ಉರುಳಿ ಠಣ್ ಎಂದಿತ್ತು. ನೋಡಿದರೆ ಕಿರುಬೆರಳಿನ ತುದಿಗೆಣ್ಣಿನಷ್ಟು ಉದ್ದದ ಹಿತ್ತಾಳೆ ತೋಟಾ. ಅಳಿಲು ಹೊಡೆಯುವ ಸಣ್ಣ ಬಂದೂಕಿನದು, ಪಾಯಿಂಟ್ ಟೂಟೂ.

"ವರ್ಡಿಯಮ್ಮ, ಇದು ಮಣ್ಣಿಗೆ ಹೋಗೋ ಪೆಟ್ಟಿಗೆ ಅಲ್ಲ. ಎರಡು ಗಂಟೆಗೆ ಬೆಂಕಿಗೆ ಹೋಗೋದು. ಇದರಲ್ಲಿ ಒಂದು ಉಳಿದ್ರೂ ಅಲ್ಲಿ ಕುಲುಮೆ ಮುಂದೆ ನಿಂತಿರೋನ ಕಣ್ಣು ಹೋಗುತ್ತೆ. ನಾನಂತೂ ಕಳ್ಸೋದಿಲ್ಲ."

"ಕಳ್ಸು ಅಂತ ಯಾರಪ್ಪ ಅಂದ್ರು? ಹುಡುಕ್ತಾನೇ ಇದ್ದೀನಲ್ಲ."

"ಇವತ್ತು ತಪ್ಪಿದ್ರೆ ಅಲ್ಲಿ ಮತ್ತೆ ಸರದಿ ಸಿಗೋದು ಮುಂದಿನ ಮಂಗಳವಾರವೇ."

ಅಯ್ಯೋ, ಮಂಗಳವಾರದವರೆಗೆ ಇವನನ್ನು ಆ ತಣ್ಣನೆಯ ಕೋಣೆಯಲ್ಲಿ ಬಿಡುವುದೆ? ವರ್ಡಿ ಕೋಟಿನ ಒಳಜೇಬಿಗೆ ಕೈಹಾಕಿದಳು. ಒಂಬತ್ತು. ಎದೆಯ ಜೇಬಿನ ಕರವಸ್ತ್ರದಲ್ಲಿ ಮತ್ತೆರಡು. ಹನ್ನೊಂದು.

ತಪ್ಪು ಯಾರದೆಂದು ಹೇಳುವುದು? ಸತ್ತವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಟರ್ಕಿ ರನ್ ಕಣಿವೆಯ ಹಳಬರ ಮಾತು. ಒಬ್ಬನ ಜೇಬಿಗೆ ತಂಬಾಕು, ಇನ್ನೊಬ್ಬನ ಜೇಬಿಗೆ ಮೀನಿನ ಗಾಳ, ಹೀಗೆ ಅವರವರ ಪ್ರೀತಿಯದ್ದು. ಆದರೆ ಇಲ್ಲಿ ಎಲ್ಲರನ್ನೂ ಹೂಳುವುದೇ ರೂಢಿ. ನನ್ನನ್ನು ಸುಟ್ಟುಬಿಡಿ ಎಂದು ಹಟ ಹಿಡಿದ ಮೊದಲ ಆಸಾಮಿ ಆರ್ಬಿನ್ ಕಟ್‌ಲಿಪ್. "ಬೂದಿ ಒಯ್ದು ಹಿತ್ತಲಿನ ಹಿಕರಿ ಮರದ ಬುಡಕ್ಕೆ ಹಾಕು. ಕಾಯಿ ಚೆನ್ನಾಗಿ ಬಿಡ್ಲಿ, ಅಳಿಲು ಬರ್ಲಿ," ಎಂದಿದ್ದ. ಬಂದವರು ರೂಢಿಯನ್ನು ನೆನಪಿಟ್ಟುಕೊಂಡರು, ಬೆಂಕಿಯನ್ನು ಮರೆತರು.

ಬೆಳಗ್ಗೆ ವರ್ಡಿಗಿದ್ದ ಹೆದರಿಕೆಯೇ ಬೇರೆ. ಯಾರೂ ಬರಲಾರರು ಎಂದುಕೊಂಡಿದ್ದಳು. ಜಿಪುಣ, ಹಿಡಿಮುಷ್ಟಿ, ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಜನ ಬೆನ್ನ ಹಿಂದೆ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಈಗ ನೋಡಿದರೆ ಹೊರಗಿನ ಹಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಇದ್ದರು. ಕೊನೆಯ ಸಾಲಿನಲ್ಲಿ, ಟೋಪಿ ಮೊಣಕಾಲ ಮೇಲಿಟ್ಟುಕೊಂಡು, ಆರ್ಬಿನ್‌ನ ತಮ್ಮ ಹಾರ್ಲೆಸ್ ಕೂಡ.

* * *

ಆರ್ಬಿನ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ. ತನಗೆ ಮಕ್ಕಳಿರಲಿಲ್ಲ, ಊರಿನ ಮಕ್ಕಳನ್ನೆಲ್ಲ ಎರಡೆರಡು ಸಲ ಎಣಿಸದೆ ಬಸ್ಸಿನ ಬಾಗಿಲು ಮುಚ್ಚಿದವನಲ್ಲ. ಗುರುವಾರ ಸಂಜೆ ಬಸ್ಸು ನಿಲ್ಲಿಸಿ ಬರುವಾಗ ಅಂಗಡಿಯಿಂದ ಒಂದು ಪೆಟ್ಟಿಗೆ ತೋಟಾ ತರುವುದು ಅಭ್ಯಾಸ. ಬೇಕಿರಲಿ ಬೇಡದಿರಲಿ, ಒಂದು ಪೆಟ್ಟಿಗೆ. ನೆಲಮಾಳಿಗೆಯಲ್ಲಿ ಕಾಫಿಪುಡಿಯ ಡಬ್ಬಗಳ ತುಂಬ ಗುಂಡು. "ಇದನ್ನೇನು ಉಪ್ಪಿನಕಾಯಿ ಹಾಕ್ತೀಯಾ?" ಎಂದು ವರ್ಡಿ ಬೈಯುತ್ತಿದ್ದಳು.

ಒಂಬತ್ತು ವರ್ಷಗಳ ಹಿಂದೆ ಬರ ಬಂತು. ಮಳೆಯದಲ್ಲ, ಗುಂಡಿನದು. ದೇಶದಲ್ಲೆಲ್ಲ ಜನ ಸಿಕ್ಕಿದ್ದನ್ನು ಸಿಕ್ಕಷ್ಟು ಬಾಚಿಕೊಂಡರು. ಅಂಗಡಿಯ ಲಾರಿ ಬರುವ ದಿನ ಬೆಳಕು ಹರಿಯುವ ಮೊದಲೇ ಪಟ್ಟಣದವರ ಸಾಲು, ಎಂಟು ಗಂಟೆಗೆಲ್ಲ ಕಪಾಟು ಖಾಲಿ. ದೊಡ್ಡ ತೋಟಾ ಆದರೆ ಖಾಲಿ ಚಿಪ್ಪಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬಿಕೊಳ್ಳಬಹುದು. ಈ ಸಣ್ಣದಕ್ಕೆ ಆ ಭಾಗ್ಯವಿಲ್ಲ, ಒಮ್ಮೆ ಹಾರಿಸಿದರೆ ಮುಗಿಯಿತು. ಕಣಿವೆಯವರ ಬಾಣಲೆಗೆ ಅಳಿಲು ಬೀಳುವುದು ನಿಂತಿತು. ಕೋಳಿಗೂಡಿಗೆ ನುಗ್ಗುವ ರಕೂನ್‌ಗಳಿಗೆ ಹಬ್ಬವಾಯಿತು.

ಪಟ್ಟಣದ ದಲ್ಲಾಳಿಯೊಬ್ಬ ಬಂದು ಆ ಡಬ್ಬಗಳಿಗೆಲ್ಲ ನಾಲ್ಕು ಪಟ್ಟು ಬೆಲೆ ಕೊಡುತ್ತೇನೆಂದ. ಆರ್ಬಿನ್ ಅವನಿಗೆ ಕಾಫಿ ಕೊಟ್ಟು ಕಳಿಸಿದ. ಮುಂದಿನ ಶನಿವಾರದಿಂದ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಕಣಿವೆಯ ಪ್ರತಿ ಮನೆಗೆ ವಾರಕ್ಕೆ ಐದು ಗುಂಡು, ಬಿಟ್ಟಿ. ಆರನೆಯದು ಕೇಳಬಾರದು. ಅಂಗೈಗೆ ಸುರಿದು, "ಎಣಿಸ್ಕೊಳ್ಳಿ," ಎನ್ನುವನು. ಎದುರಿಗೇ ಎಣಿಸಬೇಕು, ಇಲ್ಲದಿದ್ದರೆ ಮೆಟ್ಟಿಲಿಳಿಯಲು ಬಿಡುತ್ತಿರಲಿಲ್ಲ.

"ನೆಲಮಾಳಿಗೇಲಿ ಸಾವಿರಗಟ್ಟಲೆ ಇಟ್ಕೊಂಡು ಐದು ಕೊಡ್ತಾನೆ ನೋಡು, ಮಹಾರಾಜ!" ಎಂದು ಜನ ದಾರಿಯುದ್ದಕ್ಕೂ ಬೈದುಕೊಂಡು ಹೋಗುವರು. ಶನಿವಾರ ಮತ್ತೆ ಬರುವರು. ಬರ ಮುಗಿಯಲು ಎರಡು ವರ್ಷ ಹಿಡಿಯಿತು. ಡಬ್ಬಗಳು ಮುಗಿದದ್ದೂ ಆಗಲೇ.

* * *

ವರ್ಡಿ ಹನ್ನೊಂದು ಗುಂಡುಗಳನ್ನು ಒಂದು ತಟ್ಟೆಯಲ್ಲಿ ಹಾಕಿಕೊಂಡು ಹಾಲಿಗೆ ಬಂದಳು.

"ಯಾರ್ಯಾರು ಎಷ್ಟೆಷ್ಟು ಹಾಕಿದ್ದೀರಿ, ಹೇಳಿಬಿಡಿ. ಬೈಯೋದಿಲ್ಲ. ಅವನು ಹೋಗ್ತಿರೋದು ಬೆಂಕಿಗೆ ಕಣ್ರಪ್ಪ. ಮರೆತ್ರಾ?"

ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಮೊದಲು ಎದ್ದವಳು ಪಕ್ಕದ ಮನೆಯ ಓಪಲ್, ಬಾಯಿಯ ಮೇಲೆ ಕೈ.

"ಅಯ್ಯೋ ದೇವ್ರೇ, ಬೆಂಕಿ! ನಂದು ಎರಡು ಕಣೇ. ಆ ಬರದಲ್ಲಿ ನನ್ನ ಕೋಳಿಗಳು ಉಳಿದದ್ದೇ ಅವನಿಂದ. ಬೈದದ್ದೂ ನಾನೇ ಜಾಸ್ತಿ. ಅದಕ್ಕೇ ಎರಡು."

"ನಮ್ದು ತಲಾ ಎರಡು," ಎಂದರು ರಿಫಲ್ ಅಣ್ಣತಮ್ಮಂದಿರಿಬ್ಬರೂ. ನಿವೃತ್ತ ಟೀಚರ್ ಮ್ಯಾಕ್ಸಿನ್ ಕೈಯೆತ್ತಿ ಒಂದು ಬೆರಳು ತೋರಿಸಿದರು. ಡೆಲಾನೊ ಮೂರು ಎಂದ. "ವಾರಕ್ಕೆ ಐದ್ರಲ್ಲಿ ಐದು ಅಳಿಲು ತಂದವನು ಈ ಕಣಿವೇಲಿ ನಾನೊಬ್ಬನೇ. ಅದಕ್ಕೆ ಅವನು ಏನಂದ ಗೊತ್ತಾ? 'ಹಾಗಾದ್ರೆ ಒಂದನ್ನ ಓಪಲ್‌ಗೆ ಕೊಟ್ಟು ಹೋಗು' ಅಂದ!"

ಎಲ್ಲರೂ ನಕ್ಕರು. ವರ್ಡಿ ನಗಲಿಲ್ಲ, ಕೂಡಿಸುತ್ತಿದ್ದಳು. ಹತ್ತು. ಇನ್ನೊಂದು?

ಪಾದ್ರಿ ವೆಂಡೆಲ್ ಕೆಮ್ಮಿದರು. "ಅದು... ನಂದಮ್ಮ. ನಾನೂ ಮನುಷ್ಯನೇ. ನನಗೂ ಅಳಿಲಿನ ಸಾರು ಸೇರುತ್ತೆ."

ಈಗ ವರ್ಡಿಯೂ ನಕ್ಕಳು. ಇವರು ಬೈಯುತ್ತಿದ್ದರು, ನಿಜ. ಬೈದದ್ದನ್ನೂ ನೆನಪಿಟ್ಟುಕೊಂಡಿದ್ದಾರೆ, ಪಡೆದದ್ದನ್ನೂ ನೆನಪಿಟ್ಟುಕೊಂಡಿದ್ದಾರೆ. ಬೆಳಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಅರ್ಧ ಇಳಿಯಿತು.

"ಹನ್ನೊಂದಕ್ಕೆ ಹನ್ನೊಂದು. ಆಯ್ತಲ್ಲ ಎಲ್ಡನ್?"

"ಖಾತ್ರಿಯಾಗ್ಲಿ," ಎಂದ ಎಲ್ಡನ್. ಡೆಲಾನೊನ ಗಾಡಿಯಲ್ಲಿ ಹೊಲಗಳಲ್ಲಿ ಹಳೆಯ ನಾಣ್ಯ ಹುಡುಕುವ ಯಂತ್ರವಿತ್ತು, ಅದನ್ನು ಹೆಣವಿದ್ದ ಒಳಕೋಣೆಗೆ ತರಿಸಿದರು. ಪೆಟ್ಟಿಗೆ ಮೊಳೆಯಿಲ್ಲದ ಪೈನ್ ಮರದ್ದು. ಡೆಲಾನೊ ಅದರ ಉದ್ದಕ್ಕೂ ಯಂತ್ರ ಆಡಿಸಿದ. ಸೊಂಟದ ಹತ್ತಿರ ಕಿರ್ರ್ ಎಂದಿತು.

"ಅದು ಡಾಕ್ಟ್ರು ಹಾಕಿದ ಸ್ಟೀಲು. ಸುಮ್ನಿರು," ಎಂದಳು ವರ್ಡಿ.

ಬಲಗಾಲಿನ ಬೂಟು ಸುಮ್ಮನಿತ್ತು. ಎಡಗಾಲಿನ ಬೂಟಿನ ಮೇಲೆ ಯಂತ್ರ ಕಿರುಚಿಕೊಂಡಿತು.

ಎಲ್ಡನ್‌ನ ಮುಖ ಬಿಳಚಿಕೊಂಡಿತು. "ಬೆಳಗ್ಗೆ ಏಳಕ್ಕೆ ಒಬ್ರು ಬಂದಿದ್ರು, ಎಲ್ಲರಿಗಿಂತ ಮೊದಲು. ಒಬ್ಬನೇ ಕೂರ್ತೀನಿ ಅಂದ್ರು, ಬಿಟ್ಟೆ." ಬಗ್ಗಿ ಬೂಟಿನ ದಾರಕ್ಕೆ ಕೈಹಾಕಿದ.

"ಬಿಡು. ನಾನೇ ತೆಗೀತೀನಿ."

ಬಾಗಿಲಲ್ಲಿ ಹಾರ್ಲೆಸ್ ನಿಂತಿದ್ದ.

* * *

ಬರದ ಮೊದಲ ಚಳಿಗಾಲದ ಒಂದು ಬುಧವಾರ ಹಾರ್ಲೆಸ್ ಜಗಲಿಗೆ ಬಂದಿದ್ದ. ಅವನ ಹಳೆಯ ಬೇಟೆನಾಯಿ ರಸ್ಟಿ ಎರಡು ದಿನದಿಂದ ಎದ್ದಿರಲಿಲ್ಲ, ನರಳುತ್ತಿತ್ತು. ಅದಕ್ಕೊಂದು ಮುಕ್ತಿ ಕೊಡಬೇಕು, ಚಳಿಗಾಲಕ್ಕೂ ಆಗಲಿ, ಒಂದು ಪೆಟ್ಟಿಗೆ ಕೊಡು ಎಂದ. ಶನಿವಾರವಲ್ಲದಿದ್ದರೂ ಆರ್ಬಿನ್ ಒಳಗೆ ಹೋದ. ಬಂದು ತಮ್ಮನ ಅಂಗೈಗೆ ಸುರಿದ. ಐದು.

"ಎಣಿಸ್ಕೋ," ಎಂದ.

"ನಾಯಿ ಸಾಯ್ತಾ ಬಿದ್ದಿದೆ, ನೀನು ಎಣಿಸ್ಕೋ ಅಂತೀಯಾ? ನಾನೇನು ಹೊರಗಿನವನೇನೋ?"

"ಹೊರಗಿನವ್ರಿಗೆ ಐದು ಅಂದ್ಮೇಲೆ ಒಳಗಿನವ್ರಿಗೆ ಹೆಂಗೋ ಹತ್ತು ಕೊಡ್ಲಿ?"

ಹಾರ್ಲೆಸ್ ಐದನ್ನೂ ಮೆಟ್ಟಿಲ ಮೇಲೆ ಎಸೆದು ಹೋದ. ನಾಯಿಗೆ ಓಪಲ್‌ಳ ಗಂಡನ ದೊಡ್ಡ ಬಂದೂಕೇ ಆಯಿತು. ಅವತ್ತಿನಿಂದ ಹಳ್ಳದ ಆ ಕಡೆ ಒಬ್ಬ, ಈ ಕಡೆ ಒಬ್ಬ. ವರ್ಡಿ ಎಷ್ಟು ಹೇಳಿದರೂ ಆರ್ಬಿನ್ ಹೋಗಲಿಲ್ಲ. ಶನಿವಾರ ಎಲ್ಲರೂ ಹೋದ ಮೇಲೆ ಜಗಲಿಯ ಕಟಾಂಜನದ ಮೇಲೆ ಐದು ಗುಂಡು ಸಾಲಾಗಿ ಇಡುತ್ತಿದ್ದ, ಅಷ್ಟೆ. ಭಾನುವಾರ ಗಂಡಹೆಂಡತಿ ಇಬ್ಬರೂ ಚರ್ಚಿನಿಂದ ಬರುವಾಗ ಅವು ಇರುತ್ತಿರಲಿಲ್ಲ. ಏನಾಯಿತೆಂದು ಕೇಳಿದರೆ, "ಕಾಗೆ ಒಯ್ದಿರ್ಬೇಕು," ಎನ್ನುವನು. ತಾನೇ ಎತ್ತಿ ಡಬ್ಬಕ್ಕೆ ಹಾಕಿರುತ್ತಾನೆ, ವಯಸ್ಸಾಯಿತಲ್ಲ ಎಂದುಕೊಂಡು ಅವಳು ಸುಮ್ಮನಾದಳು.

* * *

ಹಾರ್ಲೆಸ್ ಅಣ್ಣನ ಕಾಲ ಬಳಿ ಕಷ್ಟಪಟ್ಟು ಮೊಣಕಾಲೂರಿದ. ದಾರ ಬಿಚ್ಚಿ ಬೂಟು ಎಳೆದ. ಒಳಗಿನಿಂದ ಒಂದು ಬಟ್ಟೆಯ ಚೂರು ತೆಗೆದು ಬಿಡಿಸಿದ. ಐದು ಗುಂಡು. ಒಂದರ ಮೂತಿ ಕಲ್ಲಿಗೆ ಬಡಿದು ಜಜ್ಜಿಹೋಗಿತ್ತು.

"ಅವತ್ತು ಎಸೆದದ್ದಾ?" ವರ್ಡಿ ಕೇಳಿದಳು.

"ಹೂಂ. ಆ ಭಾನುವಾರವೇ ಕಟಾಂಜನದ ಮೇಲಿದ್ವು. ನೀವು ಚರ್ಚಿಗೆ ಹೋದ್ಮೇಲೆ ಬಂದು ತಗೊಂಡೆ."

"ನೀನೇನಾ ಕಾಗೆ!"

"ನಾನೇ ಅತ್ತಿಗೆ. ಎರಡು ವರ್ಷ. ಆಮೇಲಿಟ್ಟದ್ದೆಲ್ಲ ಅಳಿಲಿಗೆ ಹೊಡೆದು ತಿಂದೆ. ಈ ಐದು ಮಾತ್ರ ಹೊಡೆಯೋಕೆ ಮನಸ್ಸು ಬರ್ಲಿಲ್ಲ." ಟೋಪಿಯನ್ನು ತಿರುಗಿಸುತ್ತ ನಿಂತ. "ಅವನು ಇಡ್ತಿದ್ದ, ನಾನು ಒಯ್ತಿದ್ದೆ. ಆಮೇಲೆ ಅಂಗಡೀಲಿ ಗುಂಡು ಸಿಗೋಕೆ ಶುರುವಾಯ್ತು ನೋಡು. ಅವನು ಇಡೋದು ನಿಲ್ಲಿಸ್ದ. ನಾನು ಬರೋದು ನಿಲ್ಲಿಸ್ದೆ. ಆ ಹಾಳು ಬರ ಇನ್ನೂ ನಾಲ್ಕು ವರ್ಷ ಇರ್ಬಾರ್ದಿತ್ತಾ ಅನ್ಸುತ್ತೆ."

ವರ್ಡಿಗೆ ಸಿಟ್ಟೂ ಬಂತು, ಅಳುವೂ ಬಂತು. "ಇಬ್ರೂ ಕತ್ತೆಗಳು," ಎಂದಳು. "ಒಬ್ಬ ಹೋದ. ಇನ್ನೊಬ್ಬನಾದ್ರೂ ಊಟಕ್ಕೆ ಬಾ."

ಡೆಲಾನೊ ಮತ್ತೆ ಯಂತ್ರ ಆಡಿಸಿದ. ಸೊಂಟ ಮಾತ್ರ ಕಿರ್ರ್ ಎಂದಿತು. ಎಲ್ಡನ್ ನಿಟ್ಟುಸಿರು ಬಿಟ್ಟು, ಸ್ವಲ್ಪ ಹೆಚ್ಚೇ ಗಟ್ಟಿಯಾಗಿ "ದೇವರು ದೊಡ್ಡವನು" ಎಂದ. ಹಾರ್ಲೆಸ್ ಐದನ್ನೂ ಅತ್ತಿಗೆಯ ಕೈಗಿಟ್ಟು, ಅಣ್ಣನಿಗೆ ಬೂಟು ತೊಡಿಸಿ, ದಾರಕ್ಕೆ ಎರಡು ಗಂಟು ಹಾಕಿದ. ಒಂದು ಗಂಟೆಗೆ ಗಾಡಿ ಹೊರಟಿತು.

* * *

ಆರ್ಬಿನ್‌ನ ಮನೆಯಲ್ಲಿ ಜನವೋ ಜನ. ಹಂದಿಮಾಂಸ, ಹುರುಳಿಕಾಯಿ, ಜೋಳದ ರೊಟ್ಟಿ, ಓಪಲ್ ಮಾಡಿದ ಅಳಿಲಿನ ಸಾರು. ಪಾದ್ರಿಗಳು ಎರಡನೆಯ ಸಲ ಬಡಿಸಿಕೊಂಡದ್ದನ್ನು ಯಾರೋ ಎಣಿಸಿ ಕೂಗಿ ಹೇಳಿದರು. ಎರಡೂಕಾಲಿಗೆ ಎಲ್ಡನ್‌ನ ಫೋನು ಬಂತು. ಎಲ್ಲ ಸುಸೂತ್ರ, ಒಂದು ಸದ್ದೂ ಇಲ್ಲ ಎಂದ. ವರ್ಡಿ ಕುರ್ಚಿಯಲ್ಲಿ ಕುಸಿದು ಕೂತು, ಅವತ್ತು ಮೊದಲ ಸಲ ಹೊಟ್ಟೆ ತುಂಬ ತಿಂದಳು.

ಹಾರ್ಲೆಸ್ ಮಾತ್ರ ಒಳಗೆ ಬಂದಿರಲಿಲ್ಲ. ಜಗಲಿಯ ಮೆಟ್ಟಿಲ ಕೆಳಗೆ, ಅಂಗಳದಲ್ಲೇ ನಿಂತಿದ್ದ. ಒಂಬತ್ತು ವರ್ಷಗಳಲ್ಲಿ ಜನರ ಕಣ್ಣೆದುರು ಅವನು ಆ ಮೆಟ್ಟಿಲು ಹತ್ತಿದವನಲ್ಲ.

ವರ್ಡಿ ಹೊರಗೆ ಬಂದಳು. ಏಪ್ರನ್ನಿನ ಜೇಬಿನಿಂದ ಆ ಐದನ್ನು ತೆಗೆದು ಕೈ ಮುಂದೆ ಚಾಚಿದಳು. ಊಟದ ತಟ್ಟೆ ಹಿಡಿದವರು ಕಿಟಕಿಯಿಂದ, ಬಾಗಿಲಿಂದ ನೋಡುತ್ತಿದ್ದರು.

ಹಾರ್ಲೆಸ್ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಅಂಗೈ ಒಡ್ಡಿದ. ಅವಳು ಸುರಿದಳು. ಅವನು ಕನ್ನಡಕ ಸರಿಮಾಡಿಕೊಂಡು, ತೋರುಬೆರಳಿನಿಂದ ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತ, ಒಳಗಿನವರಿಗೂ ಕೇಳುವ ಹಾಗೆ ಎಣಿಸತೊಡಗಿದ.

"ಒಂದು. ಎರಡು. ಮೂರು..."