ನಗು ಬಂದಾಗ ಇಳಿಯಬೇಕು

ಮುಂದಿನ ಬೆಂಚಿನ ಬೋಳುತಲೆಯ ಮೇಲೆ ಕಿಟಕಿಯ ಬಣ್ಣದ ಗಾಜಿನಿಂದ ಒಂದು ಕೆಂಪು ಚುಕ್ಕೆ ಬಿದ್ದಿದೆ, ತಲೆ ಅಲ್ಲಾಡಿದರೆ ಕಿವಿಗೆ ಇಳಿಯುತ್ತದೆ, ಮತ್ತೆ ನೆತ್ತಿಗೆ ಹತ್ತುತ್ತದೆ, ಜೀನ್ ಇದ್ದಿದ್ದರೆ ಮೊಣಕೈಯಿಂದ ತಿವಿಯುತ್ತಿದ್ದಳು, ನೋಡೇ ಹೆಸ್ಟರ್, ದೇವರು ಎಲ್ಲಾ ಬಿಟ್ಟು ಇವನನ್ನ ಆರಿಸ್ಕೊಂಡಿದಾನೆ — ಆ ತಲೆ ನಮ್ಮ ಹಳೆಯ ನಿರ್ಮಾಪಕ ಡೆನ್‌ಜಿಲ್‌ನದು, ಟೀವಿಯಲ್ಲಿ ಜೀನ್‌ಳ ಹೆಸರನ್ನು ಎಲ್ಲರಿಗಿಂತ ಕೊನೆಗೆ, ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದವನು, ಇವತ್ತು ಅವಳ ಸ್ಮರಣೆಗೆ ಕಪ್ಪು ಟೈ ಕಟ್ಟಿಕೊಂಡು ಬಂದಿದ್ದಾನೆ, ಅವನನ್ನು ಬೈಯಲು ನನಗೆಲ್ಲಿದೆ ಬಾಯಿ, ಪರವಾಗಿಲ್ವಾ ಹೆಸ್ಟರ್ ಅಂತ ಅವನು ಕೇಳಿದಾಗ ಹೂಂ ಅಂದವಳು ನಾನೇ. ಅಂಗೈಯಲ್ಲಿ ನಾಲ್ಕು ಚೀಟಿಗಳು ಬೆವರಿಗೆ ಮೆತ್ತಗಾಗಿವೆ, ಮೂರು ನಗಿಸಲಿಕ್ಕೆ, ನಾಲ್ಕನೆಯದರಲ್ಲಿ ಬರೀ ಎರಡು ಸಾಲು, ಟೀವಿಯ ಮಿಸೆಸ್ ಪರ್ಡಿಯನ್ನು ಬರೆದವಳು ಜೀನ್, ಅವಳ ಅಮ್ಮನ ಮಾತಿನಿಂದ ಬರೆದಳು, ಬಸ್ಸಿನ ಕಥೆ ನಾನು ಹೇಳಿದ ಸುಳ್ಳು — ಅಷ್ಟೇ, ಒಂದೇ ಉಸಿರಿಗೆ ಮುಗಿಯುತ್ತದೆ. ಎಡಗಡೆ ಮೊದಲ ಬೆಂಚಿನಲ್ಲಿ ಆ ಅಮ್ಮ ಕೂತಿದ್ದಾಳೆ, ಎಂಬತ್ತಾರು ವರ್ಷ, ಡಂಡಿಯಿಂದ ರೈಲಿನಲ್ಲಿ ಬಂದವಳು, ಪಕ್ಕದಲ್ಲಿ ಅವಳ ಮೇಲಿನ ಮಹಡಿಯ ಮಿಸೆಸ್ ಪೆಟ್ರಿ, ಚರ್ಚಿನ ಬಾಗಿಲಲ್ಲೇ ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು, ಇವ್ರೂ ಕೇಳಿಸ್ಕೊಳ್ಲಿ ಅಂತ ಕರ್ಕೊಂಡು ಬಂದೆ ಮಗಳೇ, ಹೇಳ್ತೀಯಲ್ಲ, ಹೇಳ್ತೀಯ ಅಂತ ಜೀನಿ ಹೇಳಿದ್ಲು. ಹೇಳ್ತೀನಿ ಮಿಸೆಸ್ ಟುಲಕ್. ಸ್ವಲ್ಪ ಜೋರಾಗಿ ಹೇಳು, ನನ್ನ ಬಲಗಿವಿ ಪೂರ್ತಿ ಹೋಗಿದೆ. ಮಿಸೆಸ್ ಪೆಟ್ರಿ ನನ್ನ ಟೋಪಿಯನ್ನೇ ನೋಡುತ್ತಿದ್ದಳು, ಟೀವೀಲಿ ದಪ್ಪ ಕಾಣ್ತೀರಪ್ಪ ನೀವು ಅಂದಳು.

ಪಾದ್ರಿ ಇನ್ನೂ ಮಾತಾಡುತ್ತಿದ್ದಾನೆ, ನಕ್ಕು ನಗಿಸಿದ ಜೀವ ಅನ್ನುತ್ತಿದ್ದಾನೆ, ಅವನು ಅವಳನ್ನು ಕಂಡವನೇ ಅಲ್ಲ — ನಾನು ಅವಳನ್ನು ಮೊದಲು ಕಂಡದ್ದು ಹಸುವಿನ ಹೊಟ್ಟೆಯೊಳಗೆ, ಓಲ್ಡಮ್‌ನ ಕ್ರಿಸ್‌ಮಸ್ ನಾಟಕ, ಒಂದೇ ಹಸುವೇಷದೊಳಗೆ ನಾನು ಮುಂಗಾಲು ಅವಳು ಹಿಂಗಾಲು, ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ, ಕತ್ತಲಲ್ಲಿ ನನ್ನ ಸೊಂಟ ಹಿಡಿದುಕೊಂಡು ಬಾಗಿ ನಿಂತವಳು ಪಿಸುಗುಟ್ಟುತ್ತಿದ್ದಳು, ನಾನು ನಗು ತಡೆಯಲಾರದೆ ಹಸುವಿನ ತಲೆ ಕುಣಿಸುತ್ತಿದ್ದೆ, ಜನ ಅದಕ್ಕೆ ನಗುತ್ತಿದ್ದರು, ಅಲ್ಲಿಂದಲೇ ಶುರುವಾಯಿತು, ಮಾತು ಹಿಂದಿನಿಂದ, ಮುಖ ನನ್ನದು. ರಂಗದ ಪಕ್ಕದ ತೆರೆಯ ಹಿಂದೆ ನಿಂತಿರುತ್ತಿದ್ದ ಮುದುಕ ವಿಲ್ಫ್ ಕಲಿಸಿದ್ದು ಒಂದೇ ಪಾಠ, ದೊಡ್ಡ ನಗು ಬಂತಾ, ರಂಗದಿಂದ ಇಳಿ, ಆಮೇಲೆ ಒಂದು ಮಾತಾಡಿದ್ರೂ ಆ ನಗೂನ ನೀನೇ ಕೊಂದಂಗೆ, ಇಳಿಯೇ ಹುಡುಗಿ, ಇಳಿ! ಮೂವತ್ತು ವರ್ಷ ನಾನು ಹಾಗೆಯೇ ಇಳಿದಿದ್ದೇನೆ, ಊಟದ ಮನೆಗಳಿಂದ, ಮದುವೆಗಳಿಂದ, ನನ್ನ ಮದುವೆಯಿಂದಲೂ. ಆಮೇಲೆ ಲಂಡನ್ನಿನ ಕಿಲ್ಬರ್ನ್‌ನ ಕೋಣೆ, ಒಂದೇ ಗ್ಯಾಸ್ ಒಲೆ, ಸುಟ್ಟ ಬ್ರೆಡ್ಡು, ಬೆಳಗ್ಗೆ ಹತ್ತಕ್ಕೆ ಅವಳು ಟೈಪ್‌ರೈಟರಿಗೆ ಹಾಳೆ ಏರಿಸುವಳು, ನಾನು ಕಿಟಕಿಯಿಂದ ಬಾಗಿಲಿಗೆ ನಡೆಯುವೆ, ನಮ್ಮದೊಂದು ನಿಯಮ, ಎದುರಿನವಳು ನಕ್ಕರೆ ಮಾತು ಉಳಿಯಿತು, ನಗದಿದ್ದರೆ ಹೋಯಿತು, ವಾದ ಇಲ್ಲ. ಒಂದು ದಿನ ಅವಳು ಕುರ್ಚಿಯಿಂದ ಎದ್ದು, ಇಲ್ಲದ ಬಕೆಟ್ಟನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ನಾ ಹೇಳ್ದೆ ಅಂತ ಹೇಳ್ಬೇಡಿ, ಆದ್ರೆ ಮೂರನೇ ಮಹಡಿಯವ್ಳ ಪರದೆ ಈಸ್ಟರಿಂದ ನೀರು ಕಂಡಿಲ್ಲ, ಅಂದಳು, ನಾನು ನೆಲದ ಮೇಲೆ ಬಿದ್ದು ನಕ್ಕೆ, ಯಾರೇ ಇದು, ನಮ್ಮಮ್ಮ ಕಣೇ, ಮೆಟ್ಟಿಲು ತೊಳೀತಾ ಹಿಂಗೇ ಮಾತಾಡ್ತಾಳೆ — ಮಿಸೆಸ್ ಪರ್ಡಿ ಹುಟ್ಟಿದ್ದು ಹಾಗೆ, ಅಷ್ಟೇ ಹೊತ್ತಿನಲ್ಲಿ. ಟೀವಿಯವರು ಒಂದೇ ಮುಖ ಸಾಕು ಅಂದರು, ಏಳು ವರ್ಷ ಆ ಮುಖ ನಾನಾದೆ, ಬೀದಿಯಲ್ಲಿ ಲಾರಿಯವರು ಕೂಗುತ್ತಿದ್ದರು, ನಾ ಹೇಳ್ದೆ ಅಂತ ಹೇಳ್ಬೇಡಿ! ಬಹುಮಾನ ಬಂದ ದಿನ ಪತ್ರಿಕೆಯವಳು ಕೇಳಿದಳು, ಇಂಥ ಹೆಂಗಸು ನಿಮಗೆ ಎಲ್ಲಿ ಸಿಕ್ಕಿದಳು, ಬಾಯಿಗೆ ಬಂತು, ಒಂದಿನ ಬಸ್ಸಿನಲ್ಲಿ ನನ್ನ ಹಿಂದೆ ಕೂತಿದ್ದಳು ಅಂದೆ, ಯಾಕೆ ಅಂದೆ, ದುಡ್ಡಿಗಲ್ಲ, ಹೆಸರಿಗೂ ಅಲ್ಲ ಅನ್ನಿಸುತ್ತದೆ, ಆ ಕಥೆ ಚೆನ್ನಾಗಿತ್ತು, ಅವಳು ನಕ್ಕಳು, ಅದಕ್ಕೆ ಅಂದೆ, ಥೂ. ಮಾರನೆಯ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಜೀನ್ ಬಂದಳು, ಕೋಟು ಬಿಚ್ಚಿದಳು, ಹಾಳೆ ಏರಿಸಿದಳು, ತಿರುಗದೆಯೇ ಕೇಳಿದಳು, ಎಷ್ಟನೇ ನಂಬರಿನ ಬಸ್ಸೇ? ನಾನು ನಕ್ಕುಬಿಟ್ಟೆ, ಅವಳೂ ನಕ್ಕಳು, ನಕ್ಕಳಲ್ಲ, ಮುಗಿಯಿತು ಅಂದುಕೊಂಡೆ, ಎರಡು ತಿಂಗಳಿಗೆ ಅಮ್ಮನ ಮಂಡಿನೋವು ಅಂತ ಡಂಡಿಗೆ ಹೋದವಳು ಮತ್ತೆ ಬರಲಿಲ್ಲ. ಹನ್ನೊಂದು ವರ್ಷ ನಾನೂ ಹೋಗಲಿಲ್ಲ. ಹೋದದ್ದು ಈ ಮಾರ್ಚಿನಲ್ಲಿ, ಆಸ್ಪತ್ರೆಗೆ, ದಿಂಬಿನಲ್ಲಿ ಅವಳು ಎಲ್ಲಿದ್ದಾಳೆ ಅಂತ ಹುಡುಕುವಂತಾಗಿದ್ದಳು, ನನಗೇನೂ ಬೇಡ ಕಣೇ ಅಂದಳು, ಅಮ್ಮ, ಅಮ್ಮ ನಮ್ಮ ಕಟ್ಟಡದ ಮನೆಯವರಿಗೆಲ್ಲ ಟೀವೀಲಿ ಬರೋದು ನನ್ನ ಮಾತು, ನನ್ನ ಮಗಳು ಬರ್ದಿದ್ದು ಅಂತ ಹೇಳ್ಕೊಂಡಿದ್ಲು, ಮಿಸೆಸ್ ಪೆಟ್ರಿ ಪೇಪರ್ ತಂದು ತೋರಿಸಿದ್ಲು, ಇಲ್ಲಿ ಬಸ್ಸು ಅಂತಿದೆಯಲ್ಲಾ ಅಂತ, ಅವತ್ತಿಂದ ಎಲ್ಲರೂ, ಪಾಪ, ಮಗಳ ಮೇಲಿನ ಆಸೆ, ಹೋಗ್ಲಿ ಬಿಡಿ ಅಂತಾರೆ, ಆ ಹೋಗ್ಲಿ ಬಿಡಿ ಅನ್ನೋದೇ ಅವಳನ್ನ ತಿಂತಿದೆ, ಅಮ್ಮ ಸುಳ್ಳುಗಾತಿ ಅನ್ನಿಸ್ಕೊಂಡು ಸಾಯ್ಬಾರ್ದು. ಎಲ್ಲರ ಮುಂದೆ ಹೇಳು. ಹೇಳ್ತೀನಿ. ನನ್ನ ಸ್ಮರಣೇಲಿ ನೀನು ಮಾತಾಡೇ ಆಡ್ತೀಯ, ಬಿಡ್ತೀಯಾ, ಮೂರೇ ನಿಮಿಷ, ಜಾಸ್ತಿ ಆದ್ರೆ ಮೇಲಿಂದ ಧಡ್ ಅಂತ ಬಡೀತೀನಿ.

ನನ್ನ ಹೆಸರು ಕರೆದರು. ಏಳು ಹೆಸ್ಟರ್, ಮೂರು ಮೆಟ್ಟಿಲು, ಓದುಪೀಠದ ಅಂಚು ತಣ್ಣಗಿದೆ, ಇನ್ನೂರು ಮುಖ, ಅವರಲ್ಲಿ ಅರ್ಧ ಜನ ಹೊಟ್ಟೆಪಾಡಿಗೆ ನಗಿಸುವವರು, ಇಂಥವರನ್ನು ನಗಿಸುವುದು ಕಲ್ಲು ಹಿಂಡಿದ ಹಾಗೆ — ಮೂರು ನಿಮಿಷದ ಮಾತನ್ನೇ ಮೊದಲು ಹೇಳಿದೆ, ಜಾಸ್ತಿ ಆದರೆ ಮೇಲಿಂದ ಬಡೀತಾಳಂತೆ, ನಕ್ಕರು, ಹಸುವಿನ ಕಥೆ ಹೇಳಿದೆ, ಜೋರಾಗಿ ನಕ್ಕರು, ಕಾಲಿಗೆ ಜೀವ ಬಂತು, ಎಷ್ಟು ಚೆನ್ನಾಗಿತ್ತು, ನಾಚಿಕೆಯಾಗಬೇಕು ನನಗೆ, ಅವಳು ಸತ್ತಿದ್ದಾಳೆ, ನನಗೆ ಚೆನ್ನಾಗಿತ್ತು, ಎರಡನೆಯ ಚೀಟಿ, ಮೂರನೆಯದು, ಮೊದಲ ಬೆಂಚಿನಲ್ಲಿ ಮುದುಕಿ ಎಡಗಿವಿಯ ಹಿಂದೆ ಅಂಗೈ ಮಡಿಸಿಟ್ಟುಕೊಂಡು ಮುಂದಕ್ಕೆ ಬಾಗಿದ್ದಾಳೆ, ನಗುತ್ತಿಲ್ಲ, ಅವಳು ನಗಲಿಕ್ಕೆ ಬಂದವಳಲ್ಲ, ಈಗ, ನಾಲ್ಕನೆಯ ಚೀಟಿ ಮೇಲೆ ಬಂತು, ಉಸಿರು ಎಳೆದುಕೊಂಡೆ, ಬಾಯಿ ತೆರೆದೆ, ಮಿಸೆಸ್ ಪರ್ಡಿ ಅಂದೆ, ಅಂದೆನಲ್ಲ, ಅಷ್ಟು ಅಂದೆ — ಹಿಂದೆಲ್ಲೋ ಯಾರದೋ ಕೈಯಿಂದ ದಪ್ಪ ಹಾಡಿನ ಪುಸ್ತಕ ಕಲ್ಲುನೆಲಕ್ಕೆ ಬಿತ್ತು, ಧಡ್, ಇಡೀ ಚರ್ಚು ಬೆಚ್ಚಿತು, ನನ್ನ ತಲೆ ತಾನಾಗಿ ಸೂರಿನತ್ತ ಎದ್ದಿತು, ಆಯ್ತು ಜೀನ್, ಆಯ್ತಮ್ಮ, ಮುಗಿಸ್ದೆ, ಅಂದುಬಿಟ್ಟೆ! ಅಂಥ ನಗು ನಾನು ಕೇಳಿದ್ದೇ ಇಲ್ಲ, ಬೆಂಚುಗಳು ಕಿರುಗುಟ್ಟಿದವು, ಪಾದ್ರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ, ನಿಲ್ಲು, ನಿಲ್ಲು, ನಗು ಇಳಿಯಲಿ, ಆಮೇಲೆ ಹೇಳು, ಆದರೆ ಕಾಲು ನನ್ನದಲ್ಲ, ವಿಲ್ಫ್‌ನದು, ಒಂದು ಮೆಟ್ಟಿಲು, ಎರಡು, ಮೂರು, ಇಳಿದೇಬಿಟ್ಟೆ, ಚರ್ಚಿನಲ್ಲಿ ಚಪ್ಪಾಳೆ, ನಾನು ತಲೆಬಾಗಿ ವಂದಿಸಿದೆ, ಹೌದು, ವಂದಿಸಿಯೇಬಿಟ್ಟೆ.

ಕೂತಿದ್ದೇನೆ. ಡೆನ್‌ಜಿಲ್ ಹಿಂದಕ್ಕೆ ತಿರುಗಿದ್ದಾನೆ, ಕಣ್ಣಲ್ಲಿ ನೀರು, ಸರಿಯಾದ ಜಾಗದಲ್ಲಿ ಇಳಿದೆ ಕಣೇ, ಇನ್ನೊಂದು ಮಾತಾಡಿದ್ರೆ ಕೆಡ್ತಿತ್ತು. ಯಾರೋ ಹಾಡುತ್ತಿದ್ದಾರೆ, ಹಾಡು ಮುಗಿದರೆ ಪ್ರಾರ್ಥನೆ, ಆಮೇಲೆ ಬಾಗಿಲು, ಏಳು, ಈಗಲೇ ಎದ್ದು ನಿಂತಲ್ಲಿಂದಲೇ ಕೂಗಿ ಹೇಳು, ಹಾಡಿನ ಮಧ್ಯೆ ಹೇಗೆ ಏಳಲಿ, ಹಾಡುವವಳ ಜಾಗ ಅದು, ನೋಡು, ಈಗಲೂ ವೇದಿಕೆಯ ಲೆಕ್ಕವೇ ನಿನಗೆ, ಹೊರಗೆ ಹೋದಮೇಲೆ ಹೇಳಿದರಾಯಿತು, ಯಾರಿಗೆ ಹೇಳುತ್ತೀ, ಆ ಮುದುಕಿಗಾ, ಅವಳಿಗೆ ಗೊತ್ತಿಲ್ಲವಾ, ಪೆಟ್ರಿಯನ್ನು ಮೂಲೆಗೆ ಕರೆದು ಹೇಳಿದರೆ ಅವಳು ನಂಬುತ್ತಾಳಾ, ಪಾಪದ ಮುದುಕಿಗೆ ಸಮಾಧಾನ ಹೇಳುತ್ತಿದ್ದೀನಿ ಅಂದುಕೊಳ್ಳುತ್ತಾಳೆ, ಹೋಗ್ಲಿ ಬಿಡಿ ಅನ್ನುತ್ತಾಳೆ. ಜೀನ್, ನಿನ್ನನ್ನು ಎರಡನೆಯ ಸಲ ದೋಚಿದೆ ಕಣೇ, ನಿನ್ನದೇ ಮಾತು ಹಿಡಿದು ದೋಚಿದೆ. ಅಲ್ಲಿ ಮಿಸೆಸ್ ಪೆಟ್ರಿ ನಕ್ಕು ನಕ್ಕು ಒದ್ದೆಯಾದ ಕರವಸ್ತ್ರ ಮಡಿಸಿ ಕೈಚೀಲಕ್ಕೆ ಹಾಕುತ್ತಿದ್ದಾಳೆ, ಚೀಲದ ಬಾಯಿ ಮುಚ್ಚಿದ ಸದ್ದು ಇಲ್ಲಿಗೂ ಕೇಳಿಸಿತು, ಮುದುಕಿ ಅವಳ ಮಣಿಕಟ್ಟು ಹಿಡಿದಳು, ಕಿವುಡರು ಪಿಸುಗುಟ್ಟುವ ಹಾಗೆ, ಎಲ್ಲರಿಗೂ ಕೇಳುವ ಹಾಗೆ, ತಡೀರಿ, ಇನ್ನೂ ಹೇಳಿಲ್ಲ, ಈಗ ಹೇಳ್ತಾಳೆ — ನನ್ನ ಕಡೆ ನೋಡುತ್ತಿಲ್ಲ ಅವಳು, ನಾನು ಇಳಿದದ್ದು ಅವಳಿಗೆ ಲೆಕ್ಕವೇ ಇಲ್ಲ, ಯಾರೂ ಇಲ್ಲದ ಓದುಪೀಠದ ಕಡೆಗೇ ಬಾಗಿದ್ದಾಳೆ, ಹಾಡು ನಿಂತಿತು, ಜನ ಪ್ರಾರ್ಥನೆಗೆ ಎದ್ದರು, ಎದ್ದವರ ನಡುವೆ ಅವಳೊಬ್ಬಳೇ ಕೂತಿದ್ದಾಳೆ, ಬಾಗಿ ಕೂತಿದ್ದಾಳೆ, ಎಡಗಿವಿಯ ಹಿಂದೆ ಕೈ, ಮಡಿಸಿದ ಅಂಗೈ, ಆ ಕೈ, ಇನ್ನೂ ಆ ಕೈ